ನೀರಿನ ಜಾಡು ಹಿಡಿದು ಅಲ್ ಅಹ್ಸಾದ ಹೊರಕೇರಿಗಳಲ್ಲಿ

ಯುನೆಸ್ಕೊ 2018ರಲ್ಲಿ ಸೌದಿ ಅರೇಬಿಯಾದ ಅಲ್ ಅಹ್ಸಾವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಾಗ ಒಂದು ಕೋಟೆಯನ್ನೋ ಒಂದು ಮಸೀದಿಯನ್ನೋ ಎತ್ತಿ ತೋರಿಸಲಿಲ್ಲ. ಹನ್ನೆರಡು ಜಾಗಗಳನ್ನು ಒಂದೇ ಹೆಸರಿನಡಿ ತಂದಿತು. ಪೂರ್ವದ ಖರ್ಜೂರದ ತೋಟಗಳು, ಉತ್ತರದ ತೋಟಗಳು, ಕೈಸರಿಯಾ ಪೇಟೆ, ಇಬ್ರಾಹಿಂ, ಸಾಹೂದ್, ಖುಝಾಮ್ ಎಂಬ ಮೂರು ಕೋಟೆಮನೆಗಳು, ಜವಾಥಾ ಮಸೀದಿ, ಅದರ ಹತ್ತಿರದ ಉತ್ಖನನದ ನೆಲ, ಉಯೂನ್ ಹಳ್ಳಿ, ಐನ್ ಕನ್ನಾಸ್ ಎಂಬ ಪುರಾತನ ದಿಬ್ಬ, ಮರಳಿನ ಅಂಚಿನಲ್ಲಿರುವ ಅಸ್ಫರ್ ಕೆರೆ ಮುಂತಾದವು. ಇವುಗಳಲ್ಲಿ ಪೇಟೆಯ ನಡುಮಧ್ಯದಲ್ಲಿ ಸಿಗುವುದು ಎರಡೋ ಮೂರೋ. ಉಳಿದದ್ದೆಲ್ಲ ಹೊಫೂಫ್ ಮತ್ತು ಮುಬರ್‍ರಝ್ ಎಂಬ ಜೋಡಿ ಪಟ್ಟಣಗಳ ಹೊರವಲಯದಲ್ಲಿ, ಹಳ್ಳಿಯೂ ಬಡಾವಣೆಯೂ ಬೆರೆತುಹೋದ ಕೇರಿಗಳಲ್ಲಿ ಹರಡಿಕೊಂಡಿದೆ. ಇಷ್ಟು ಚದುರಿರುವುದನ್ನು ಒಂದು ಪರಂಪರೆ ಎಂದು ಕರೆಯಲು ಕಾರಣವೇನೆಂದು ಕೇಳಿದರೆ ಉತ್ತರ ನೀರು. ಆ ನೀರು ಹರಿದ ದಾರಿ ಕಾರಿನ ಕಿಟಕಿಯಿಂದ ಕಾಣುವುದಿಲ್ಲ, ನಡೆದವರಿಗೆ ಕಾಣುತ್ತದೆ.

ಇದನ್ನು ನಾನು ಮುಖ್ಯವಾಗಿ ಇಲ್ಲಿಗೆ ಕೆಲಸಕ್ಕೆ ಬಂದಿರುವ ನಮ್ಮವರಿಗಾಗಿ ಬರೆಯುತ್ತಿದ್ದೇನೆ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು, ಈಚೆಗೆ ಕಲಬುರಗಿ, ಬೀದರ್ ಕಡೆಯಿಂದಲೂ ಸೌದಿಯ ಪೂರ್ವ ಪ್ರಾಂತ್ಯಕ್ಕೆ ಬಂದವರು ಬಹಳ. ದಮ್ಮಾಮ್, ಖೋಬರ್, ಜುಬೈಲ್‌ಗಳಲ್ಲಿ ಹೆಚ್ಚು, ಹೊಫೂಫ್‌ನಲ್ಲಿ ಕಡಿಮೆ. ವರ್ಷಗಟ್ಟಲೆ ಇದ್ದವರನ್ನು ಕೇಳಿ ನೋಡಿ: ಕ್ಯಾಂಪು, ಕಚೇರಿ ಅಥವಾ ಸೈಟು, ಮೂಲೆಯ ಬಕಾಲಾ, ವಾರಕ್ಕೊಮ್ಮೆ ಹೈಪರ್ ಮಾರ್ಕೆಟ್, ಇಷ್ಟೇ ಅವರ ನಕ್ಷೆ. ಊರಿಗೆ ಹೋಗುವಾಗ ಒಂದು ಡಬ್ಬ ಖಲಾಸ್ ಖರ್ಜೂರ ಒಯ್ಯುತ್ತಾರೆ. ಅದು ಬೆಳೆದ ತೋಟ ತಮ್ಮ ಕೋಣೆಯಿಂದ ಒಂದೆರಡು ಗಂಟೆಯ ದಾರಿಯಲ್ಲೇ ಇದೆ ಎಂಬುದು ಎಷ್ಟೋ ಜನಕ್ಕೆ ತಿಳಿದಿರುವುದಿಲ್ಲ. ರಜೆ ಇರುವುದೇ ಶುಕ್ರವಾರ ಒಂದು ದಿನ, ಗೈಡನ್ನು ಕಟ್ಟಿಕೊಂಡು ತಿರುಗುವಷ್ಟು ಹಣವೂ ಇರುವುದಿಲ್ಲ. ಆದರೆ ಅಲ್ ಅಹ್ಸಾವನ್ನು ನೋಡಲು ಗೈಡ್ ಬೇಕಿಲ್ಲ. ಫೋನಿನಲ್ಲಿ ಒಂದು ನಕ್ಷೆ, ಕೈಯಲ್ಲಿ ನೀರಿನ ಬಾಟಲಿ, ಎಲ್ಲಿ ಏನು ನೋಡಬೇಕೆಂಬ ಸ್ವಲ್ಪ ಮಾಹಿತಿ ಇದ್ದರೆ ಸಾಕು.

ಮೊದಲು ನೆಲದ ವಿಷಯ. ವರ್ಷಕ್ಕೆ ನೂರು ಮಿಲಿಮೀಟರ್ ಮಳೆಯೂ ಬೀಳದ ಜಾಗದಲ್ಲಿ ಇಪ್ಪತ್ತೈದು ಲಕ್ಷ ಖರ್ಜೂರದ ಮರಗಳಿವೆ ಎಂದರೆ ನೀರು ಬೇರೆಲ್ಲಿಂದಲೋ ಬಂದಿರಬೇಕು. ಅದು ಬಂದದ್ದು ಹಳೆಯ ಮಳೆಯಿಂದ. ಸಾವಿರಾರು ವರ್ಷಗಳ ಹಿಂದೆ ಅರೇಬಿಯಾ ಇಂದಿಗಿಂತ ಹಸಿಯಾಗಿದ್ದ ಕಾಲದಲ್ಲಿ ಪಶ್ಚಿಮದ ಎತ್ತರದ ನೆಲದಲ್ಲಿ ಸುರಿದ ನೀರು ಸುಣ್ಣಕಲ್ಲಿನ ಪದರಗಳೊಳಗೆ ಇಳಿದು, ಪೂರ್ವಕ್ಕೆ ವಾಲಿದ ಆ ಪದರಗಳ ಜೊತೆ ನಿಧಾನವಾಗಿ ಸಾಗಿ ಇಲ್ಲಿಗೆ ಬಂದಿದೆ. ಹೊಫೂಫ್‌ನ ಪಶ್ಚಿಮಕ್ಕೆ ನೆಲದಡಿಯ ಬಂಡೆ ದೊಡ್ಡ ಮಡಿಕೆಯಾಗಿ ಮೇಲೆದ್ದಿದೆ. ಅದರ ಬಿರುಕುಗಳಲ್ಲಿ ಒತ್ತಡದಿಂದ ನೀರು ಮೇಲೆ ಬಂದು ಬುಗ್ಗೆಯಾಯಿತು. ಅದೇ ಮಡಿಕೆಯ ಇನ್ನೂ ಆಳದ ಪದರಗಳಲ್ಲಿ ಎಣ್ಣೆ ಸಿಕ್ಕಿಹಾಕಿಕೊಂಡಿತು. 1948ರಲ್ಲಿ ಪತ್ತೆಯಾದ ಘವಾರ್ ತೈಲಕ್ಷೇತ್ರ ಅದು, ನೆಲದ ಮೇಲಿನ ತೈಲಕ್ಷೇತ್ರಗಳಲ್ಲಿ ಜಗತ್ತಿನಲ್ಲೇ ದೊಡ್ಡದು. ಈ ಊರನ್ನು ಸಾವಿರಾರು ವರ್ಷ ಬದುಕಿಸಿದ ನೀರು ಮತ್ತು ನಮ್ಮವರನ್ನು ಇಲ್ಲಿಗೆ ಎಳೆತಂದ ಎಣ್ಣೆ, ಎರಡೂ ಒಂದೇ ಬಂಡೆಯ ಮಡಿಕೆಯ ಕೊಡುಗೆ ಎನ್ನುವುದನ್ನು ನಡೆಯಲು ಹೊರಡುವ ಮುನ್ನ ತಿಳಿದಿರಬೇಕು.

ಹಾಗಾಗಿ ನಡಿಗೆಯನ್ನು ಬುಗ್ಗೆಯಿಂದ ಶುರುಮಾಡುವುದು ಒಳ್ಳೆಯದು. ಹೊಫೂಫ್‌ನ ಪೂರ್ವಕ್ಕೆ ಐನ್ ಖುದೂದ್, ಮುಬರ್‍ರಝ್‌ನ ಕಡೆ ಐನ್ ಹಾರಾ, ಐನ್ ನಜ್ಮ್, ಉತ್ತರಕ್ಕೆ ಐನ್ ಉಮ್ ಸಬಾ. ಕೊನೆಯ ಎರಡು ಬಿಸಿನೀರಿನ ಬುಗ್ಗೆಗಳೆಂದು ಹೆಸರಾದವು. ಸ್ನಾನಕ್ಕೆ, ಮೈಕೈ ನೋವಿನ ಶಮನಕ್ಕೆ ದೂರದಿಂದ ಜನ ಬರುತ್ತಿದ್ದರು. ಉಮ್ ಸಬಾದಲ್ಲಿ ನೀರು ಏಳು ಕವಲಾಗಿ ತೋಟಗಳ ಕಡೆ ಹರಿಯುತ್ತಿತ್ತು. ಎಣ್ಣೆ ಕಂಪನಿ ಅರಾಮ್ಕೊ 1955ರಲ್ಲಿ ಪ್ರಕಟಿಸಿದ, ಎಫ್. ಎಸ್. ವಿಡಾಲ್ ಬರೆದ ಅಲ್ ಹಸಾ (ಅಲ್ ಅಹ್ಸಾವನ್ನು ಹೀಗೂ ಕರೆಯುತ್ತಾರೆ) ಓಯಸಿಸ್‌ನ ಅಧ್ಯಯನ ಈ ಬುಗ್ಗೆಗಳು ಜೀವಂತವಾಗಿದ್ದ ಕಾಲದ ದೊಡ್ಡ ದಾಖಲೆ. ಯಾವ ಬುಗ್ಗೆಯ ನೀರು ಯಾವ ಹಳ್ಳಿಗೆ, ಮೇಲಿನ ತೋಟದಲ್ಲಿ ಬಳಸಿ ಬಸಿದುಬಂದ ನೀರು ಕೆಳಗಿನ ತೋಟಕ್ಕೆ ಹೇಗೆ, ಅದರಲ್ಲಿ ಯಾರ ಹಕ್ಕು ಎಷ್ಟು ಎಂಬುದೆಲ್ಲ ಆ ಕಾಲದಲ್ಲಿ ಜನರ ಬಾಯಲ್ಲಿ, ಲೆಕ್ಕದಲ್ಲಿ ಇತ್ತು. ಬುಗ್ಗೆಯ ಹತ್ತಿರದ ತೋಟಕ್ಕೆ ಸಿಹಿನೀರು. ದೂರ ಹೋದಂತೆ ಅದು ಉಪ್ಪಾಗುತ್ತಾ ಹೋಗುತ್ತಿತ್ತು. ಜಮೀನಿನ ಬೆಲೆ ಅದರ ಮೇಲೇ ನಿಂತಿತ್ತು.

ಈಗ ಈ ಬುಗ್ಗೆಗಳು ತಾವಾಗಿ ಉಕ್ಕುವುದಿಲ್ಲ. ಕೊಳವೆಬಾವಿಗಳು ಹೆಚ್ಚಿ, ಪಂಪು ನೀರೆತ್ತುತ್ತಾ ಹೋದಂತೆ ಒತ್ತಡ ಕುಸಿಯಿತು. ಒಂದೊಂದಾಗಿ ಬುಗ್ಗೆಗಳು ಬತ್ತಿದವು. ಕೆಲವು ಕಡೆ ಕೊಳವನ್ನು ಕಟ್ಟಿ, ಪಂಪಿನ ನೀರು ಬಿಟ್ಟು, ಸುತ್ತ ಪಾರ್ಕು ಮಾಡಿದ್ದಾರೆ. ಅದನ್ನು ನೋಡಿ ಬೇಸರಪಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬತ್ತಿದ ಬುಗ್ಗೆಯ ಕಟ್ಟೆಯ ಮೇಲೆ ನಿಂತು, ನೀರು ಹೊರಡುತ್ತಿದ್ದ ಬಾಯಿ ಯಾವ ದಿಕ್ಕಿಗಿದೆ ಎಂದು ನೋಡಿ, ಆ ದಿಕ್ಕಿಗೆ ನಡೆಯತೊಡಗಿದರೆ ಐದು ನಿಮಿಷದಲ್ಲಿ ಒಂದು ಕಾಲುವೆ ಸಿಗುತ್ತದೆ. ಅದರ ಪಕ್ಕದಲ್ಲೇ ನಡೆಯುವುದು ಅಲ್ ಅಹ್ಸಾವನ್ನು ಓದುವ ಸರಿಯಾದ ಕ್ರಮ.

ಕಾಂಕ್ರೀಟಿನ ಈ ಕಾಲುವೆಗಳಿಗೂ ಒಂದು ಚರಿತ್ರೆಯಿದೆ. ಮೊದಲಿದ್ದವು ಮಣ್ಣಿನ ತೋಡುಗಳು. ನೀರು ಸೋರುತ್ತಿತ್ತು, ತಗ್ಗಿನಲ್ಲಿ ನಿಂತು ನೆಲ ಉಪ್ಪಾಗುತ್ತಿತ್ತು, ಸೊಳ್ಳೆ ಬೆಳೆದು ಮಲೇರಿಯಾ ಊರೂರನ್ನೇ ಹಿಡಿಯುತ್ತಿತ್ತು. 1960ರ ದಶಕದಲ್ಲಿ ಸರ್ಕಾರ ದೊಡ್ಡ ನೀರಾವರಿ ಮತ್ತು ಬಸಿಗಾಲುವೆ ಯೋಜನೆಯನ್ನು ಕೈಗೆತ್ತಿಕೊಂಡಿತು. 1971ರಲ್ಲಿ ಅದನ್ನು ದೊರೆ ಫೈಸಲ್ ಉದ್ಘಾಟಿಸಿದರು. ಸಾವಿರ ಕಿಲೋಮೀಟರಿಗೂ ಮೀರಿದ ಕಾಲುವೆಗಳ ಜಾಲ ಅದು: ಎತ್ತರದಲ್ಲಿ ತೊಟ್ಟಿಯಂತೆ ಸಾಗುವುದು ತೋಟಕ್ಕೆ ನೀರು ಕೊಡುವ ಕಾಲುವೆ, ನೆಲಮಟ್ಟಕ್ಕಿಂತ ಆಳದಲ್ಲಿ ಜೊಂಡು ಬೆಳೆದು ಸಾಗುವುದು ಬಸಿದ ನೀರನ್ನು ಒಯ್ಯುವ ಕಾಲುವೆ. ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿತರೆ ಮುಂದಿನದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಈಗ ಮೊದಲನೆಯದರಲ್ಲಿ ಹರಿಯುವ ನೀರಿನಲ್ಲಿ ದೊಡ್ಡ ಪಾಲು ಶುದ್ಧೀಕರಿಸಿದ ಕೊಳಚೆನೀರು. ಖೋಬರ್ ನಗರದಿಂದಲೂ ಕೊಳವೆಯಲ್ಲಿ ಬರುತ್ತದೆ. ತೆರೆದ ಕಾಲುವೆಗಳಿಗೆ ಬದಲಾಗಿ ನೆಲದಡಿಯ ಕೊಳವೆ ಹಾಕುವ ಕೆಲಸವೂ ಸಾಗಿದೆ. ನೀರು ಆವಿಯಾಗಿ ಹೋಗುವುದನ್ನು ತಡೆಯಲು ಅದು ಬೇಕಾದ್ದೇ. ಆದರೆ ಕಾಲುವೆ ಮುಚ್ಚಿದ ಕಡೆ ನಡೆಯುವವನಿಗೆ ದಾರಿ ತೋರಿಸುವ ಗೆರೆಯೇ ಅಳಿಸಿಹೋಗುತ್ತದೆ. ತೆರೆದ ಕಾಲುವೆ ಕಾಣುತ್ತಿರುವಾಗಲೇ ಒಮ್ಮೆ ನಡೆದುಬಿಡಬೇಕು.

ತೋಟದ ನಡುವಿನ ರಸ್ತೆಗಳು ಕಿರಿದು. ಎರಡೂ ಕಡೆ ಮಣ್ಣಿನ ಅಥವಾ ಸಿಮೆಂಟ್ ಇಟ್ಟಿಗೆಯ ಗೋಡೆ, ಗೋಡೆಯಾಚೆ ಮರಗಳ ತಲೆ. ಗೇಟು ತೆರೆದಿದ್ದ ಕಡೆ ಇಣುಕಿದರೆ ಕರಾವಳಿ-ಮಲೆನಾಡಿನವರಿಗೆ ಪರಿಚಯ ಬೇಕಿಲ್ಲ, ಇದು ನಮ್ಮ ಅಡಿಕೆ ತೋಟದ ಲೆಕ್ಕಾಚಾರವೇ. ಮೇಲೆ ಖರ್ಜೂರದ ಗರಿಗಳ ಚಪ್ಪರ. ಅದರಡಿ ಹಸಾವಿ ನಿಂಬೆ, ಅಂಜೂರ, ದಾಳಿಂಬೆ. ನೆಲದಲ್ಲಿ ಕುದುರೆ ಮೆಂತ್ಯ, ತರಕಾರಿ. ಮೇಲಿನ ನೆರಳಿಲ್ಲದಿದ್ದರೆ ಕೆಳಗಿನದು ಜೂನ್ ತಿಂಗಳಲ್ಲಿ ಒಂದು ವಾರವೂ ಬಾಳದು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಾಳಿಯನ್ನು ನಂಬಿದರೆ ಫಸಲು ಸಾಲದು. ಆದ್ದರಿಂದ ಚಳಿಗಾಲ ಮುಗಿಯುವ ಹೊತ್ತಿಗೆ ಸೊಂಟಕ್ಕೆ ಹಗ್ಗದ ಪಟ್ಟಿ ಸುತ್ತಿಕೊಂಡು ಒಂದೊಂದೇ ಹೆಣ್ಣು ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೊಂಬಾಳೆಯೊಳಗೆ ಸಿಕ್ಕಿಸಿ ಬರಬೇಕು. ಫೆಬ್ರವರಿ, ಮಾರ್ಚಿನಲ್ಲಿ ನಡೆದವರಿಗೆ ಈ ಕೆಲಸ ಕಣ್ಣಾರೆ ಕಾಣಸಿಗುತ್ತದೆ. ನಮ್ಮ ಕೊನೆಗಾರರ ಕಸುಬು ಬಲ್ಲವರು ಆ ಹತ್ತುವ ಹದವನ್ನು ನಿಂತು ನೋಡದೆ ಮುಂದೆ ಹೋಗಲಾರರು.

ಅಕ್ಕಿಯ ಮಾತನ್ನೂ ಹೇಳಬೇಕು. ಮರುಭೂಮಿಯ ನಡುವೆ ಭತ್ತ ಬೆಳೆಯುವ ಊರು ಇದು. ಹಸಾವಿ ಅಕ್ಕಿ ಕೆಂಪು ಅಕ್ಕಿ, ಉಪ್ಪನ್ನೂ ಬಿಸಿಲನ್ನೂ ತಾಳಿಕೊಳ್ಳುವ ತಳಿ. ಬೇಸಿಗೆಯ ನಡುವೆ ನಾಟಿಯಾಗಿ ಚಳಿ ಶುರುವಾಗುವ ಹೊತ್ತಿಗೆ ಕೊಯ್ಲು. ನೀರು ಕಡಿಮೆಯಾದಂತೆ ಗದ್ದೆಗಳೂ ಕಡಿಮೆಯಾಗಿವೆ, ಬೆಲೆ ಏರಿದೆ, ಬಾಣಂತಿಯರಿಗೆ ಅದನ್ನೇ ಬೇಯಿಸಿಹಾಕುವ ರೂಢಿ ಇಲ್ಲಿನ ಮನೆಗಳಲ್ಲಿದೆ. ಕುಚ್ಚಲಕ್ಕಿ ಉಂಡು ಬೆಳೆದವರಿಗೆ ಆ ಬಣ್ಣ ಅಪರಿಚಿತವಲ್ಲ. ಇದರ ಜೊತೆಗೇ ನೆನಪಿಡಬೇಕಾದದ್ದು ಖರ್ಜೂರ ಬೆರೆಸಿದ ಗೋಧಿ ಹಿಟ್ಟಿನ ಕೆಂಪು ರೊಟ್ಟಿ. ಒಣಗಿದ ಗರಿಗಳನ್ನು ಉರಿಸಿ, ತಂದೂರಿನ ಗೋಡೆಗೆ ಹಚ್ಚಿ ಬೇಯಿಸಿ, ಬಿಸಿಬಿಸಿ ಮಾರುತ್ತಾರೆ. ಬೆಳಗಿನ ನಡಿಗೆಗೆ ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ.

ಈ ತೋಟಗಳಲ್ಲಿ ಇಂದು ದುಡಿಯುತ್ತಿರುವವರು ಹೆಚ್ಚಾಗಿ ಬಾಂಗ್ಲಾದೇಶ, ಭಾರತ, ಪಾಕಿಸ್ತಾನದಿಂದ ಬಂದವರು. ಎಣ್ಣೆ ಕಂಪನಿಯ ಸಂಬಳ ಶುರುವಾದ ಮೇಲೆ ಊರ ಗಂಡಸರು ತೋಟ ಬಿಟ್ಟು ಹೊರಟರು, ಕೈಗಳು ಬದಲಾದವು. ಆದರೆ ಹೊರಗಿನ ಕೈಗಳು ಇಲ್ಲಿ ಹೊಸತಲ್ಲ. ಪರ್ಷಿಯಾದ ಕವಿ ಹಾಗೂ ಪ್ರವಾಸಿ ನಾಸಿರ್ ಖುಸ್ರೊ 1051ರಲ್ಲಿ ಇಲ್ಲಿಗೆ ಬಂದಿದ್ದ. ಆಗ ಆಳುತ್ತಿದ್ದವರು ಕರ್ಮತಿಗಳು, ಆ ಕಾಲದ ಖಲೀಫರನ್ನು ಎದುರು ಹಾಕಿಕೊಂಡವರು, 930ರಲ್ಲಿ ಮೆಕ್ಕಾದ ಕಪ್ಪು ಶಿಲೆಯನ್ನೇ ಕಿತ್ತು ಒಯ್ದು 951ರವರೆಗೆ ಇಟ್ಟುಕೊಂಡಿದ್ದವರು. ಅವರ ಆಡಳಿತದಲ್ಲಿ ಜನರ ಧಾನ್ಯವನ್ನು ಬಿಟ್ಟಿಯಾಗಿ ಬೀಸಿಕೊಡುವ ಸರ್ಕಾರಿ ಗಿರಣಿಗಳಿದ್ದವೆಂದೂ, ಬಡವನ ಮನೆ ಬಿದ್ದರೆ ಸರ್ಕಾರವೇ ಆಳು ಕೊಟ್ಟು ಕಟ್ಟಿಸುತ್ತಿತ್ತೆಂದೂ, ಖರ್ಜೂರ ದನಕರುಗಳಿಗೆ ಹಾಕುವಷ್ಟು ಹೇರಳವಾಗಿತ್ತೆಂದೂ ಆತ ಬರೆದಿದ್ದಾನೆ. ಜೊತೆಗೇ ಇನ್ನೊಂದನ್ನೂ ಬರೆದಿದ್ದಾನೆ: ತೋಟ, ಹೊಲಗಳಲ್ಲಿ ದುಡಿಯಲು ಆಫ್ರಿಕಾದಿಂದ ಕೊಂಡು ತಂದ ಮೂವತ್ತು ಸಾವಿರ ಗುಲಾಮರಿದ್ದರು. ಪ್ರವಾಸಿ ಹೇಳಿದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಆದರೆ ಈ ಹಸಿರನ್ನು ಯಾರು ಬೆಳೆಸಿದರು ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಪರಂಪರೆಯ ಫಲಕಗಳಲ್ಲಿ ದೊರೆಗಳ ಹೆಸರಿರುತ್ತದೆ, ತೋಡು ತೆಗೆದವರ ಹೆಸರಿರುವುದಿಲ್ಲ. ಕಾಲುವೆಯ ಬದಿಯಲ್ಲಿ ಸಲಿಕೆ ಹಿಡಿದು ನಿಂತವನಿಗೆ ಸಲಾಂ ಹೇಳಿ ಎರಡು ಮಾತಾಡಿದರೆ ಆ ಚರಿತ್ರೆಯ ಈಚಿನ ಪುಟವಾದರೂ ತಿಳಿಯುತ್ತದೆ. ಅವನ ಹಿಂದಿಯೂ ನಮ್ಮ ಹಿಂದಿಯೂ ಸರಿಸಮ, ಮಾತಿಗೆ ಅಡ್ಡಿಯಿಲ್ಲ.

ಪೂರ್ವದ ತೋಟಗಳ ನಡುವೆ ಎದ್ದಿರುವುದು ಕಾರಾ ಬೆಟ್ಟ. ಹೊಫೂಫ್ ಪೇಟೆಯಿಂದ ಹದಿನೈದು ಕಿಲೋಮೀಟರಿನ ಒಳಗೆ. ಎತ್ತರ ಹೆಚ್ಚಿಲ್ಲ, ಆದರೆ ಒಳಗೆ ಗಾಳಿ-ನೀರು ಕೊರೆದ ಆಳವಾದ ಸೀಳುಗಳಿವೆ. ಕೆಲವು ಕಡೆ ಒಬ್ಬರೇ ನುಸುಳುವಷ್ಟು ಕಿರಿದು, ತಲೆಯ ಮೇಲೆ ಬಂಡೆ ಎರಡಂತಸ್ತಿನಷ್ಟು ಎತ್ತರಕ್ಕೆ ಹೋಗಿರುತ್ತದೆ. ಹೊರಗೆ 45 ಡಿಗ್ರಿ ಸುಡುವಾಗ ಒಳಗೆ ತಣ್ಣಗಿರುತ್ತದೆ. ಬೇಸಿಗೆಯ ಮಧ್ಯಾಹ್ನಗಳನ್ನು ಹಳ್ಳಿಗರು ಇಲ್ಲೇ ಕಳೆಯುತ್ತಿದ್ದರು, ಮಕ್ಕಳಿಗೆ ಪಾಠವೂ ಇಲ್ಲಿ ನಡೆಯುತ್ತಿತ್ತು. ಈಗ ಒಳಗೆ ಹೋಗಲು ಟಿಕೆಟ್ ಇದೆ, ಬಣ್ಣದ ದೀಪಗಳಿವೆ. ನನ್ನ ಮಟ್ಟಿಗೆ ಗುಹೆಗಿಂತ ಬೆಟ್ಟದ ಸುತ್ತಿನ ದಾರಿ ಹೆಚ್ಚು ಹಿಡಿಸುತ್ತದೆ. ಕಾರಾ, ತುವೈಥಿರ್, ದಾಲ್ವಾ ಎಂಬ ಹಳ್ಳಿಗಳು ಬೆಟ್ಟಕ್ಕೆ ಬೆನ್ನುಕೊಟ್ಟು ಕುಳಿತಿವೆ. ಬೆಟ್ಟದ ಬುಡದಲ್ಲೇ ಕುಂಬಾರರ ಭಟ್ಟಿ ಇದೆ. ಸುತ್ತಲ ಮಣ್ಣಿನಿಂದ ಹೂಜಿ, ಧೂಪದ ಪಾತ್ರೆ, ಗಡಿಗೆಗಳನ್ನು ಕಾಲಿನಿಂದ ತಿರುಗಿಸುವ ತಿಗುರಿಯ ಮೇಲೆ ಮಾಡುತ್ತಾರೆ. 2015ರಲ್ಲಿ ಯುನೆಸ್ಕೊ ಅಲ್ ಅಹ್ಸಾವನ್ನು ಕರಕುಶಲ ಮತ್ತು ಜಾನಪದ ಕಲೆಗಳ ಸೃಜನಶೀಲ ನಗರವೆಂದು ಗುರುತಿಸಿದ್ದು ಇಂಥ ಕೈಗಳಿಂದಾಗಿ. ಮನೆಗಳನ್ನೂ ಗಮನಿಸಿ: ಸುನ್ನಿಗಳೂ ಶಿಯಾಗಳೂ ತಲೆಮಾರುಗಳಿಂದ ನೆರೆಹೊರೆಯಾಗಿ ಬದುಕಿದ ಸೀಮೆಯಿದು, ಹಳ್ಳಿಯ ಗೋಡೆಗಳ ಮೇಲಿನ ಬರಹಗಳಲ್ಲಿ, ಬಾವುಟಗಳಲ್ಲಿ ಅದು ಕಾಣುತ್ತದೆ.

ಇಲ್ಲಿಂದ ಉತ್ತರಕ್ಕೆ, ಕಿಲಾಬಿಯಾ ಹಳ್ಳಿಯ ಬಳಿ ಜವಾಥಾ. ಹಿಜರಿ 7ರ ಹೊತ್ತಿಗೆ, ಎಂದರೆ ಸುಮಾರು 629ರಲ್ಲಿ, ಅಬ್ದುಲ್ ಕೈಸ್ ಬುಡಕಟ್ಟಿನವರು ಇಲ್ಲಿ ಮಸೀದಿ ಕಟ್ಟಿದರು. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ಬಳಿಕ ಶುಕ್ರವಾರದ ಸಾಮೂಹಿಕ ನಮಾಜ್ ನಡೆದ ಮೊದಲ ಜಾಗ ಇದೆಂದು ಪ್ರತೀತಿ. ಈಗ ನಿಂತಿರುವುದು ಉಳಿದಿದ್ದ ಕಮಾನುಗಳ ಮೇಲೆ ಮಣ್ಣು ಗಾರೆಯಿಂದ ಮತ್ತೆ ಎಬ್ಬಿಸಿದ ಸಣ್ಣ ಕಟ್ಟಡ. ಚರಿತ್ರೆಯ ಭಾರ ಅಷ್ಟಿರುವ ಕಟ್ಟಡ ಇಷ್ಟು ಪುಟ್ಟದಿರುವುದನ್ನು ಕಂಡು ಅಚ್ಚರಿಯಾಗುತ್ತದೆ.

ಜವಾಥಾದ ಸುತ್ತ ನಡೆಯುವಾಗ ಕಾಲಡಿಯ ಮರಳನ್ನು ನೋಡಬೇಕು. ಉತ್ತರದ ಗಾಳಿಗೆ ಸಾಗಿಬರುವ ಮರಳುದಿಬ್ಬಗಳು ಈ ಸೀಮೆಯ ಹಳ್ಳಿಗಳನ್ನೂ ತೋಟಗಳನ್ನೂ ತಲೆಮಾರುಗಳ ಕಾಲ ನುಂಗುತ್ತಾ ಬಂದವು. ಜವಾಥಾದ ಹಳೆಯ ವಸತಿಯ ಬಹುಭಾಗ ಅದರಡಿ ಸೇರಿತು. 1962ರಲ್ಲಿ ಸರ್ಕಾರ ಮರಳನ್ನು ತಡೆಯುವ ಯೋಜನೆ ಹೂಡಿತು. ಅಥಲ್ ಎಂಬ ಮರವನ್ನು ಸಾಲುಸಾಲಾಗಿ ನೆಟ್ಟರು. ಉಪ್ಪುನೀರಿಗೂ ಅಂಜದ, ಕಡ್ಡಿ ನೆಟ್ಟರೆ ಚಿಗುರುವ ಗಟ್ಟಿ ಮರ ಅದು. ಮರಳು ಅಲ್ಲಿಗೇ ನಿಂತಿತು. ಆ ಕಾಡೇ ಇಂದು ಅಲ್ ಅಹ್ಸಾ ರಾಷ್ಟ್ರೀಯ ಉದ್ಯಾನ. ಚಳಿಗಾಲದ ರಜೆಯ ದಿನಗಳಲ್ಲಿ ಕುಟುಂಬಗಳು ಚಾಪೆ ಹಾಸಿ, ಕಾಫಿಯ ದಲ್ಲಾ ಇಟ್ಟುಕೊಂಡು ಕೂರುವುದು ಅದರ ನೆರಳಲ್ಲಿ. ಪಾರ್ಕೆಂದರೆ ಹುಲ್ಲುಹಾಸು, ಕಾರಂಜಿ ಎಂದುಕೊಂಡವರು ಹೊಫೂಫ್‌ನ ಕಿಂಗ್ ಅಬ್ದುಲ್ಲಾ ಪರಿಸರ ಉದ್ಯಾನಕ್ಕೆ ಹೋಗಬಹುದು, ಮಕ್ಕಳಿಗೆ ಅಲ್ಲಿ ಸಂಜೆ ಚೆನ್ನ. ಆದರೆ ಊರನ್ನು ಉಳಿಸಲೆಂದು ನೆಟ್ಟ ಕಾಡೊಂದು ಪಾರ್ಕಾಗಿ ಬೆಳೆದಿರುವುದನ್ನು ಬಿಟ್ಟು ಬರಬಾರದು.

ಪೇಟೆಯ ನಡಿಗೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಶುಕ್ರವಾರ ಬೆಳಗ್ಗೆ ಹೊಫೂಫ್ ಪೇಟೆ ಮಲಗಿರುತ್ತದೆ, ಅಸರ್ ನಮಾಜಿನ ನಂತರ ಎದ್ದುಕೊಳ್ಳುತ್ತದೆ. ಹಳೆಯ ಕೂತ್ ಕೇರಿಯಲ್ಲಿ ಇಬ್ರಾಹಿಂ ಕೋಟೆ. ಹದಿನಾರನೇ ಶತಮಾನದಲ್ಲಿ ಒಟ್ಟೊಮನ್ನರು ಬಂದಾಗಿನದು. ಕೋಟೆಯೊಳಗೆ ದೊಡ್ಡ ಗುಮ್ಮಟದ ಮಸೀದಿ, ಸೈನಿಕರ ಕೋಣೆಗಳು, ಸ್ನಾನದ ಮನೆ. 1913ರಲ್ಲಿ, ಮುಂದೆ ಸೌದಿ ಅರೇಬಿಯಾ ಕಟ್ಟಿದ ದೊರೆ ಅಬ್ದುಲ್ ಅಝೀಝ್ ರಾತ್ರೋರಾತ್ರಿ ಗೋಡೆ ಹತ್ತಿಸಿ ಹೊಫೂಫ್ ಹಿಡಿದಾಗ ತುರ್ಕಿ ಪಡೆ ಶರಣಾಗಿ ಉಕೈರ್ ಬಂದರಿನ ದಾರಿಯಿಂದ ಹೊರಟುಹೋಯಿತು. ಆ ರಾತ್ರಿ ಅಬ್ದುಲ್ ಅಝೀಝ್ ತಂಗಿದ, ಊರ ಪ್ರಮುಖರಿಂದ ನಿಷ್ಠೆಯ ವಚನ ಪಡೆದ ಮನೆ ಅದೇ ಕೇರಿಯಲ್ಲಿದೆ. ಬೈತ್ ಅಲ್ ಬೈಆ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಸೌದಿಗೆ ಕಡಲ ದಾರಿ ತೆರೆದುಕೊಂಡದ್ದು ಆ ಗೆಲುವಿನಿಂದ. ಅದಾಗದಿದ್ದರೆ ಮುಂದೆ ಎಣ್ಣೆ ಸಿಕ್ಕ ನೆಲ ಯಾರದಾಗಿರುತ್ತಿತ್ತೋ. ಸಮೀಪದಲ್ಲೇ 1941ರಲ್ಲಿ ತೆರೆದ ಅಮೀರಿಯಾ ಶಾಲೆ. ಈ ಪ್ರಾಂತ್ಯದ ಮೊದಲ ಸರ್ಕಾರಿ ಶಾಲೆಗಳಲ್ಲಿ ಒಂದು. ನಡುವೆ ಅಂಗಳ, ಸುತ್ತ ಕಮಾನಿನ ಜಗಲಿ. ಈಗ ಸಂಸ್ಕೃತಿ ಭವನವಾಗಿದೆ.

ಎಲ್ಲ ದಾರಿಗಳೂ ಹೋಗಿ ಸೇರುವುದು ಕೈಸರಿಯಾಕ್ಕೆ. ಉದ್ದ ಕಮಾನುಸಾಲಿನಡಿ ನೂರಾರು ಸಣ್ಣ ಅಂಗಡಿಗಳು. 2001ರಲ್ಲಿ ಬೆಂಕಿ ಬಿದ್ದು ಸುಟ್ಟುಹೋದದ್ದನ್ನು ಹಳೆಯ ಅಳತೆ, ಹಳೆಯ ರೂಪದಲ್ಲೇ ಮತ್ತೆ ಕಟ್ಟಿದರು. ಸುಟ್ಟು ಕಟ್ಟಿದ್ದು ಪರಂಪರೆ ಹೇಗಾದೀತು ಎಂದು ಕೇಳುವವರಿಗೆ ಬಿಶ್ತ್ ಹೊಲಿಯುವವರ ಅಂಗಡಿಯ ಮುಂದೆ ನಿಲ್ಲಲು ಹೇಳುತ್ತೇನೆ. ಮದುವೆಗೆ, ಹಬ್ಬಕ್ಕೆ ಗಂಡಸರು ಹೊದೆಯುವ ಆ ನಿಲುವಂಗಿಯ ಅಂಚಿಗೆ ಕೈಯಿಂದಲೇ ಜರಿ ಹಾಕಬೇಕು. ಹಸಾದ ಬಿಶ್ತ್‌ಗೆ ಕೊಲ್ಲಿಯ ಉದ್ದಕ್ಕೂ ಹೆಸರಿದೆ. ಕಟ್ಟಡ ಹೊಸದಾದರೂ ಸೂಜಿ ಹಿಡಿದ ಕೈ ಹಳೆಯದು.

ಇಲ್ಲೇ ನಮ್ಮ ಕಡೆಯ ನಂಟೂ ಸಿಗುತ್ತದೆ. ಹಸಾದ ಖರ್ಜೂರ ಒಂಟೆಯ ಮೇಲೆ ಉಕೈರ್‌ಗೆ, ಅಲ್ಲಿಂದ ಬಹ್ರೈನ್ ಮೂಲಕ ಭಾರತದ ಬಂದರುಗಳಿಗೆ ಹೋಗುತ್ತಿತ್ತು. ವಾಪಸು ಅಕ್ಕಿ, ಬಟ್ಟೆ, ಸಂಬಾರ ಪದಾರ್ಥ, ಮರ ಬರುತ್ತಿತ್ತು. ಇಪ್ಪತ್ತನೇ ಶತಮಾನದ ಆರಂಭದವರೆಗೂ ಈ ಪೇಟೆಯಲ್ಲಿ ಭಾರತದ ರೂಪಾಯಿ ಚಲಾವಣೆಯಲ್ಲಿತ್ತು. ಅದಕ್ಕೂ ಹಿಂದೆ ಕುದುರೆಗಳು. ದಕ್ಷಿಣ ಭಾರತದ ಪಾಂಡ್ಯರ ಸೀಮೆಗೆ ವರ್ಷವರ್ಷ ಕುದುರೆ ಕಳಿಸುತ್ತಿದ್ದ ಕೊಲ್ಲಿಯ ಸ್ಥಳಗಳ ಪಟ್ಟಿಯಲ್ಲಿ ಪರ್ಷಿಯಾದ ಚರಿತ್ರೆಕಾರ ವಸ್ಸಾಫ್ ಕತೀಫ್, ಬಹ್ರೈನ್, ಹೊರ್ಮುಝ್‌ಗಳ ಜೊತೆ ಲಹ್ಸಾ, ಎಂದರೆ ಅಲ್ ಅಹ್ಸಾದ ಹೆಸರನ್ನೂ ಹೇಳುತ್ತಾನೆ. ವಿಜಯನಗರದ ಕಾಲಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರ, ಗೋವೆಗಳಲ್ಲಿ. ಹಂಪೆಯ ಹಜಾರರಾಮ ಗುಡಿಯ ಹೊರಗೋಡೆಯಲ್ಲಿ ಕುದುರೆ ಹಿಡಿದು ಸಾಗುವ ಪರದೇಶಿಗಳ ಸಾಲು ಕೆತ್ತಿದೆ. ಭಟ್ಕಳದಿಂದ ಬಂದು ಇಲ್ಲಿ ಲೆಕ್ಕ ಬರೆಯುವ ಹುಡುಗ ಆ ಹಳೆಯ ದಾರಿಯಲ್ಲೇ ತಿರುಗಿ ಬಂದಿದ್ದಾನೆ.

ಮುಬರ್‍ರಝ್‌ನ ಸಾಹೂದ್ ಕೋಟೆಗೆ ಒಂದು ಗಂಟೆ ಸಾಕು. ಐನ್ ಕನ್ನಾಸಿನಲ್ಲಿ ಮೆಸೊಪೊಟೇಮಿಯಾದ ಉಬೈದ್ ಕಾಲದ ಮಡಕೆಚೂರುಗಳು ಸಿಕ್ಕಿವೆ. ಎಂದರೆ ಆರು ಸಾವಿರ ವರ್ಷಕ್ಕೂ ಹಿಂದೆ ಬುಗ್ಗೆಯ ಪಕ್ಕ ಜನರಿದ್ದರು. ನೋಡಲು ಅಲ್ಲಿ ಹೆಚ್ಚೇನಿಲ್ಲ. ಅಸ್ಫರ್ ಕೆರೆಗೆ ಮಾತ್ರ ಒಳ್ಳೆಯ ಗಾಡಿಯೂ ದಾರಿ ಬಲ್ಲವರೂ ಬೇಕು, ಮರಳಿನಲ್ಲಿ ಒಬ್ಬರೇ ಹೋಗುವ ಜಾಗ ಅದಲ್ಲ. ತೋಟಗಳಿಂದ ಬಸಿದ ನೀರು ಕೊನೆಗೆ ಸೇರುವುದು ಅಲ್ಲಿಗೆ. ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಇಳಿಯುತ್ತವೆ.

ನಡೆಯುವವರಿಗೆ ನಾಲ್ಕು ಮಾತು. ಕಾಲ ನವೆಂಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ ಬೆಳಗಿನ ಎಂಟರ ನಂತರ ಬಯಲಿನಲ್ಲಿ ನಡೆಯುವುದು ಅಪಾಯ. ಫಜ್ರ್ ಮುಗಿದು ಬೆಳಕು ಹರಿಯುವಾಗ ಹೊರಟರೆ ಮಧ್ಯಾಹ್ನದ ಜುಮಾ ನಮಾಜಿಗೆ ಮೊದಲು ಒಂದು ಸುತ್ತು ಮುಗಿಯುತ್ತದೆ. ತೋಟಗಳು ಖಾಸಗಿ, ಗೇಟು ತೆರೆದಿದ್ದರೂ ಕೇಳದೆ ಒಳಗೆ ಕಾಲಿಡಬಾರದು. ಕೇಳಿದರೆ ಸಾಮಾನ್ಯವಾಗಿ ಒಳಗೆ ಕರೆದು ಖರ್ಜೂರವನ್ನೂ ಕಾಫಿಯನ್ನೂ ಮುಂದಿಡುತ್ತಾರೆ. ಹಸಾದವರು ಅತಿಥಿಗಳ ವಿಷಯದಲ್ಲಿ ಉದಾರಿಗಳು. ಹೆಂಗಸರ, ಮನೆಗಳ ಅಂಗಳದ, ಸರ್ಕಾರಿ ಕಟ್ಟಡಗಳ ಫೋಟೊ ತೆಗೆಯಬೇಡಿ. ಇಕಾಮಾ ಜೇಬಿನಲ್ಲಿರಲಿ. ತೋಟದ ರಸ್ತೆಗಳಲ್ಲಿ ಫುಟ್‌ಪಾತ್ ಇಲ್ಲ, ಪಿಕಪ್ ಗಾಡಿಗಳು ಜೋರಾಗಿ ಬರುತ್ತವೆ, ಮಕ್ಕಳ ಕೈ ಹಿಡಿದಿರಬೇಕು. ಬಸಿಗಾಲುವೆಯ ನೀರನ್ನು ಮುಟ್ಟಬೇಡಿ.

ಊರ ಹೊರವಲಯದಲ್ಲಿ ನಡೆದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ನಾಡೇ ಸಾಕ್ಷಿ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಚರಂಡಿ ಕೆಲಸದ ಹೊತ್ತಿಗೆ ಸಿಕ್ಕ ಕಲ್ಲು ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ವೀರಗಲ್ಲಾಗಿತ್ತು. ಅದನ್ನು ಗುರುತಿಸಿ ಉಳಿಸಿದವರು ತಮ್ಮ ಬಡಾವಣೆಗಳಲ್ಲಿ ಶಾಸನ ಹುಡುಕುತ್ತಾ ತಿರುಗುತ್ತಿದ್ದ ಆಸಕ್ತ ನಾಗರಿಕರು. ಬೀದರಿನ ನೌಬಾದಿನಲ್ಲಿ ಹೊಲಗಳ ನಡುವೆ ಸಾಲಾಗಿ ಬಾಯ್ತೆರೆದ ಬಾವಿಗಳನ್ನು ಹಿಡಿದು ನಡೆದರೆ ಬಹಮನಿಗಳ ಕಾಲದ ಕರೇಜಿನ, ಎಂದರೆ ನೆಲದಡಿಯ ನೀರುಕಾಲುವೆಯ, ದಾರಿ ನೆಲದ ಮೇಲೇ ಕಾಣುತ್ತದೆ.

ಪೂರ್ವ ಪ್ರಾಂತ್ಯದ ಕನ್ನಡಿಗರು ರಾಜ್ಯೋತ್ಸವಕ್ಕೆ, ಹಬ್ಬಗಳಿಗೆ ಹಾಲ್‌ಗಳಲ್ಲಿ ಸೇರುತ್ತಾರೆ. ನವೆಂಬರಿನ ಒಂದು ಶುಕ್ರವಾರವನ್ನು ಈ ನಡಿಗೆಗೆ ಮೀಸಲಿಟ್ಟರೆ ಖರ್ಚು ಹಾಲ್ ಬಾಡಿಗೆಯ ಕಾಲುಪಾಲೂ ಆಗದು. ಬೇಕಾದ್ದು ಕನ್ನಡದಲ್ಲಿ ಒಂದು ಹಾಳೆಯ ನಕ್ಷೆ: ಐನ್ ಖುದೂದ್‌ನಿಂದ ಹೊರಟು ಕಾಲುವೆಯ ಬದಿಯಲ್ಲಿ ಪೂರ್ವಕ್ಕೆ, ಸುಸ್ತಾದವರಿಗೆ ನಡುವೆ ಟ್ಯಾಕ್ಸಿ ಸಿಗುವ ಜಾಗ, ಕಾರಾ ಬೆಟ್ಟದ ಬುಡದ ಕುಂಬಾರರ ಭಟ್ಟಿ, ಕೆಂಪು ರೊಟ್ಟಿ ಸಿಗುವ ಅಂಗಡಿ, ಶೌಚಾಲಯವಿರುವ ಮಸೀದಿಗಳು, ಸಂಜೆಗೆ ಕೈಸರಿಯಾ. ಇಷ್ಟು ಗುರುತು ಹಾಕಿ, ಹಿಂಬದಿಯಲ್ಲಿ ಬುಗ್ಗೆಗಳ ಹೆಸರು ಬರೆದು ವಾಟ್ಸ್ಯಾಪಿನಲ್ಲಿ ಹಂಚಿದರೆ ಕ್ಯಾಂಪಿನ ಹುಡುಗರೂ ಹೊರಡುತ್ತಾರೆ. ಹಸಾದಲ್ಲೇ ಇರುವವರು ಒಂದು ಶುಕ್ರವಾರ ನಡೆದು ದೂರಗಳನ್ನು ಗುರುತಿಸಿಕೊಂಡರೆ ಹಾಳೆ ಸಿದ್ಧ.